ಸ್ವರ್ಗದ ಮಹಿಳೆಯನ್ನು ಕಂಡವರು: ಅತಾ ಇಬ್ನು ಅಬೀ ರಬಾಹ್(ರ)

ಅದು ಹಜ್ಜ್‌ನ ಕಾಲ. ಹಿಜ್ರಿ 97, ಅಂದರೆ ಕ್ರಿ.ಶ. 716. ಸಿಂಧ್‌ನಿಂದ ಸ್ಪೇನ್‌ವರೆಗೆ ಹಬ್ಬಿದ್ದ ಸಾಮ್ರಾಜ್ಯದ ಅಧಿಪತಿ ಖಲೀಫಾ ಸುಲೈಮಾನ್ ಬಿನ್ ಅಬ್ದುಲ್ ಮಲಿಕ್ ತಮ್ಮ ಇಬ್ಬರು ಪುತ್ರರೊಂದಿಗೆ ಮಸ್ಜಿದುಲ್ ಹರಾಮ್‌ನಲ್ಲಿ ಓರ್ವ ವೃದ್ಧರನ್ನು ಕಾದು ಕುಳಿತಿದ್ದರು. ಹಜ್ಜ್‌ನ ಕರ್ಮಗಳ ಕುರಿತು ಅವರಿಗೆ ಕೆಲವು ಸಂದೇಹಗಳಿದ್ದುವು. ಆದರೆ ಆ ವೃದ್ಧರು ನಮಾಝ್‌ನಲ್ಲಿ ಮಗ್ನರಾಗಿದ್ದರು. ನಮಾಝ್ ಮುಗಿಯುವವರೆಗೆ ಖಲೀಫಾ ಕಾದರು. ಬಳಿಕ ಒಂದೊಂದಾಗಿ ಪ್ರಶ್ನೆಗಳನ್ನು ಕೇಳಿದರು. ವೃದ್ಧರು ಪ್ರತಿಯೊಂದಕ್ಕೂ ಸ್ಪಷ್ಟವಾಗಿ ಉತ್ತರಿಸಿದರು. ಆದರೆ ಖಲೀಫಾ ಎಂಬ ಕಾರಣಕ್ಕಾಗಿ ಯಾವ ಉಪಚಾರವನ್ನೂ ಮಾಡಲಿಲ್ಲ. ಅಲ್ಲಿಂದ ಎದ್ದ ಖಲೀಫಾ, ವಿದ್ಯೆ ಕಲಿಯುವುದರಲ್ಲಿ ಎಂದೂ ಆಲಸ್ಯ ತೋರಬಾರದೆಂದೂ ಈ ಕಪ್ಪು ವರ್ಣದ ಮನುಷ್ಯನ ಮುಂದೆ ತಾವು ಎಷ್ಟು ಸಣ್ಣವರಾದೆವೆಂಬುದನ್ನು ತಾನು ಮರೆಯಲಾರೆನೆಂದೂ ತಮ್ಮ ಪುತ್ರರಿಗೆ ಹೇಳಿದರು.

ಆ ವೃದ್ಧರೇ ಅತಾ ಇಬ್ನು ಅಬೀ ರಬಾಹ್(ರ). ಮಕ್ಕಾದ ಮುಫ್ತಿ, ತಾಬಿಈಗಳಲ್ಲಿ ಅಗ್ರಗಣ್ಯರು.

ಹೊರನೋಟವನ್ನು ಮಾತ್ರ ಕಾಣುವ ಕಣ್ಣಿಗೆ ಅವರಲ್ಲಿ ಗೌರವಿಸತಕ್ಕ ಏನೂ ಕಾಣುತ್ತಿರಲಿಲ್ಲ. ಅವರು ಕಪ್ಪು ಬಣ್ಣದವರು. ಮೂಗು ಚಪ್ಪಟೆ. ಒಂದು ಕಣ್ಣು ಕಾಣುತ್ತಿರಲಿಲ್ಲ. ಒಂದು ಕೈ ಸ್ವಾಧೀನದಲ್ಲಿರಲಿಲ್ಲ. ಕಾಲು ಕುಂಟು. ಕೊನೆಯ ದಿನಗಳಲ್ಲಿ ಉಳಿದಿದ್ದ ಒಂದು ಕಣ್ಣಿನ ದೃಷ್ಟಿಯೂ ಹೊರಟುಹೋಯಿತು. ಚರಿತ್ರೆಕಾರರು ಇದನ್ನೆಲ್ಲ ಮುಚ್ಚಿಡದೆ ಬರೆದಿಟ್ಟಿದ್ದಾರೆ. ಅವರ ಘನತೆಯನ್ನು ಕುಗ್ಗಿಸಲಿಕ್ಕಲ್ಲ. ಶರೀರದ ಕೊರತೆಯೇ ಬೇರೆ, ಮನುಷ್ಯನ ಸ್ಥಾನಮಾನವೇ ಬೇರೆ ಎಂಬುದನ್ನು ಮುಂದಿನ ಪೀಳಿಗೆಗಳು ತಿಳಿದುಕೊಳ್ಳಲೆಂದು.

ಅತಾ(ರ) ಹುಟ್ಟಿದ್ದು ಹಝ್ರತ್ ಉಸ್ಮಾನ್(ರ)ರ ಆಡಳಿತ ಕಾಲದಲ್ಲಿ, ಯಮನ್‌ನ ಜನದ್ ಎಂಬ ಊರಿನಲ್ಲಿ. ಬೆಳೆದದ್ದು ಮಕ್ಕಾದಲ್ಲಿ. ವಿಮೋಚಿತ ಗುಲಾಮರ ವರ್ಗಕ್ಕೆ ಸೇರಿದ ಬಡ ಕುಟುಂಬ. ಹೇಳಿಕೊಳ್ಳಲು ವಂಶದ ಹಿರಿಮೆಯಿರಲಿಲ್ಲ, ಆಸ್ತಿಪಾಸ್ತಿ ಇರಲಿಲ್ಲ. ಸುಮಾರು ಇಪ್ಪತ್ತು ವರ್ಷಗಳ ಕಾಲ ಮಸ್ಜಿದುಲ್ ಹರಾಮ್‌ನ ನೆಲವೇ ಅವರ ಹಾಸಿಗೆಯಾಗಿತ್ತು. ಆಇಶಾ(ರ), ಅಬೂ ಹುರೈರಾ(ರ), ಇಬ್ನು ಉಮರ್(ರ), ಜಾಬಿರ್(ರ) ಮುಂತಾದ ಸಹಾಬಿಗಳಿಂದ ಅವರು ಹದೀಸ್‌ಗಳನ್ನು ಕೇಳಿ ಕಲಿತರು. ಎಲ್ಲಕ್ಕಿಂತ ಹೆಚ್ಚಾಗಿ ಪ್ರವಾದಿ(ಸ)ಯವರ ಚಿಕ್ಕಪ್ಪನ ಮಗ ಅಬ್ದುಲ್ಲಾ ಇಬ್ನು ಅಬ್ಬಾಸ್(ರ)ರ ಬಳಿ ಶಿಷ್ಯರಾಗಿ ಕುಳಿತರು. ಮುಂದೆ ಒಂದು ಕಾಲ ಬಂತು. ಮಕ್ಕಾದ ಜನರು ಪ್ರಶ್ನೆಗಳನ್ನು ಹೊತ್ತು ಬಂದಾಗ, ಅತಾರಂತಹವರು ನಿಮ್ಮ ನಡುವೆ ಇರುವಾಗ ನನ್ನ ಬಳಿಗೇಕೆ ಬರುತ್ತೀರಿ ಎಂದು ಸ್ವತಃ ಗುರುಗಳೇ ಕೇಳುವಂತಾಯಿತು.

ಸ್ವರ್ಗದ ಮಹಿಳೆ

ಗುರು ಶಿಷ್ಯರ ಆ ಒಡನಾಟದ ನಡುವೆ ನಡೆದ ಒಂದು ಪ್ರಸಂಗವು ಬುಖಾರಿ ಮತ್ತು ಮುಸ್ಲಿಮ್ ಎರಡೂ ಹದೀಸ್ ಗ್ರಂಥಗಳಲ್ಲಿ ದಾಖಲಾಗಿದೆ. ಇಂದು ಅತಾ(ರ)ರನ್ನು ನೆನಪಿಸಿಕೊಳ್ಳಲು ಮುಖ್ಯ ಕಾರಣವೂ ಅದುವೇ.

ಒಂದು ದಿನ ಇಬ್ನು ಅಬ್ಬಾಸ್(ರ)ರು ಶಿಷ್ಯನೊಡನೆ, ನಿನಗೆ ಓರ್ವ ಸ್ವರ್ಗವಾಸಿ ಮಹಿಳೆಯನ್ನು ತೋರಿಸಲೇ ಎಂದು ಕೇಳಿದರು. ಅತಾ(ರ) ಆಸಕ್ತಿಯಿಂದ ಒಪ್ಪಿದರು. ಗುರುಗಳು ಬೆರಳು ತೋರಿಸಿದ್ದು ಯಾವುದೇ ಗಣ್ಯ ಕುಟುಂಬದ ಸ್ತ್ರೀಯ ಕಡೆಗಲ್ಲ. ಅಲ್ಲಿದ್ದುದು ಓರ್ವ ಕಪ್ಪು ವರ್ಣದ ಸಾಮಾನ್ಯ ಮಹಿಳೆ.

ಬಳಿಕ ಆಕೆಯ ಕಥೆಯನ್ನು ಹೇಳಿದರು. ಆಕೆಗೆ ಅಪಸ್ಮಾರವಿತ್ತು. ನಮ್ಮ ಮನೆಗಳಲ್ಲಿ ಮಿರ್ಗಿ ಎನ್ನುವ, ಬೀದಿಯಲ್ಲಿ ಫಿಟ್ಸ್ ಎನ್ನುವ ಅದೇ ಕಾಯಿಲೆ. ಆಕೆ ಪ್ರವಾದಿ(ಸ)ಯವರ ಸನ್ನಿಧಿಗೆ ಬಂದು ತನ್ನ ಎರಡು ಸಂಕಟಗಳನ್ನು ನಿವೇದಿಸಿಕೊಂಡಳು. ತನಗೆ ಮೂರ್ಛೆ ಬರುತ್ತದೆ ಎಂಬುದು ಒಂದು. ಬಿದ್ದಾಗ ಉಡುಪು ಸರಿದು ದೇಹ ಅನಾವರಣಗೊಳ್ಳುತ್ತದೆ ಎಂಬುದು ಇನ್ನೊಂದು. ತನಗಾಗಿ ಪ್ರಾರ್ಥಿಸಬೇಕೆಂದು ವಿನಂತಿಸಿದಳು. ಪ್ರವಾದಿ(ಸ)ಯವರು ಆಕೆಯ ಮುಂದೆ ಎರಡು ದಾರಿಗಳನ್ನಿಟ್ಟರು. ಸಹನೆ ವಹಿಸುವುದಾದರೆ ಸ್ವರ್ಗವಿದೆ. ಬಯಸುವುದಾದರೆ ಗುಣವಾಗಲೆಂದು ಅಲ್ಲಾಹನಲ್ಲಿ ಪ್ರಾರ್ಥಿಸುವೆ ಎಂದರು. ಆಕೆ ಸಹನೆಯನ್ನು ಆರಿಸಿಕೊಂಡಳು. ಆದರೆ ತನ್ನ ಎರಡನೆಯ ಸಂಕಟವನ್ನು ಬಿಟ್ಟುಕೊಡಲಿಲ್ಲ. ಬಿದ್ದಾಗ ತನ್ನ ಮಾನ ಬಯಲಾಗದಂತೆ ಪ್ರಾರ್ಥಿಸಬೇಕೆಂದು ಕೇಳಿಕೊಂಡಳು. ಪ್ರವಾದಿ(ಸ)ಯವರು ಹಾಗೆಯೇ ಪ್ರಾರ್ಥಿಸಿದರು.

ಅತಾ(ರ) ಈ ಮಹಿಳೆಯನ್ನು ಮರೆಯಲಿಲ್ಲ. ಉಮ್ಮು ಝುಫರ್ ಎಂಬ ಆ ಎತ್ತರದ ಕಪ್ಪು ಮಹಿಳೆಯನ್ನು ಕಅಬಾದ ಪರದೆಯ ಬಳಿ ತಾನು ಕಂಡಿರುವುದಾಗಿ ಅವರು ತಮ್ಮ ಶಿಷ್ಯರಿಗೆ ತಿಳಿಸಿದರು. ಆಕೆ ಯಾರು, ಹೇಗಿದ್ದಳು ಎಂಬುದನ್ನು ನಾವು ಬಲ್ಲೆವಾದರೆ ಅದು ಬಹುಮಟ್ಟಿಗೆ ಅತಾ(ರ)ರಿಂದಾಗಿಯೇ. ಕುಂಟು ಕಾಲಿನ, ಒಂದು ಕಣ್ಣಿನ ಆ ವಿದ್ವಾಂಸರು ಓರ್ವ ರೋಗಿ ಮಹಿಳೆಯ ನೆನಪನ್ನು ಇಡೀ ಸಮುದಾಯಕ್ಕಾಗಿ ಕಾಪಾಡಿಟ್ಟರು. ಫಿಟ್ಸ್ ಬರುವ ಹೆಂಗಸೆಂದು ಆಕೆಯನ್ನು ಪರಿಚಯಿಸಲಿಲ್ಲ. ಸ್ವರ್ಗದ ಮಹಿಳೆ ಎಂದು ಪರಿಚಯಿಸಿದರು.

ಆಕೆಯ ಬೇಡಿಕೆಯನ್ನು ಇನ್ನೊಮ್ಮೆ ಗಮನಿಸಿರಿ. ಬೀಳುವ ನೋವಿಗಿಂತ ಹತ್ತು ಜನರ ಮುಂದೆ ಮಾನ ಹೋಗುವ ನೋವು ಆಕೆಯನ್ನು ಹೆಚ್ಚು ಕಾಡಿತ್ತು. ಹದಿನಾಲ್ಕು ಶತಮಾನಗಳ ಬಳಿಕವೂ ಈ ಕಾಯಿಲೆಯವರ ಅಳಲು ಅದುವೇ ಆಗಿದೆ.

ನಾನು ಕಲಿಸಿದ ಪಾಠ, ನಾನು ಕಲಿಯದ ಪಾಠ

ಇದನ್ನು ಬರೆಯುವಾಗ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳದಿರಲಾರೆ. ಕೆಲವು ವರ್ಷಗಳ ಹಿಂದಿನ ಮಾತು. ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಮಸೀದಿ. ಜುಮುಆದ ಖುತ್ಬಾ ನಡೆಯುತ್ತಿತ್ತು. ಲೇತ್ ಮೆಷಿನ್‌ನಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದ ಇಪ್ಪತ್ತರ ಹರೆಯದ ಯುವಕನೊಬ್ಬ ಒಮ್ಮೆಲೇ ವಿಚಿತ್ರವಾಗಿ ಕೂಗಿ ಸಫ್‌ನ ನಡುವೆಯೇ ಬಿದ್ದ. ಕೈಕಾಲು ಸೆಟೆದು ಅದುರತೊಡಗಿದುವು. ಬಾಯಲ್ಲಿ ನೊರೆ ಬಂತು. ಕ್ಷಣಮಾತ್ರದಲ್ಲಿ ಜನ ಮುತ್ತಿಕೊಂಡರು. ಒಬ್ಬರು ಬೀಗದ ಕೈಗೊಂಚಲನ್ನು ಅವನ ಅಂಗೈಗೆ ತುರುಕಿದರು. ಇನ್ನೊಬ್ಬರು ಹೊರಗಿನಿಂದ ಚಪ್ಪಲಿ ತಂದು ಮೂಗಿಗೆ ಹಿಡಿದರು. ಇಬ್ಬರು ಅವನ ಕಾಲುಗಳನ್ನು ಅದುಮಿ ಕುಳಿತರು. ನಾನು ಮಾಡಿದ್ದು ಎಲ್ಲಕ್ಕಿಂತ ದೊಡ್ಡ ತಪ್ಪು. ನಾಲಿಗೆ ಕಚ್ಚಿಕೊಂಡಾನೆಂದು ಭಯಪಟ್ಟು, ಬಿಗಿದಿದ್ದ ಹಲ್ಲುಗಳ ನಡುವೆ ಚಮಚದ ಹಿಡಿಯನ್ನು ಬಲವಂತವಾಗಿ ತೂರಿಸಿದೆ. ಅವನ ಒಂದು ಹಲ್ಲು ಮುರಿಯಿತು.

ಎರಡು ಮೂರು ನಿಮಿಷಗಳಲ್ಲಿ ಎಲ್ಲವೂ ಶಾಂತವಾಯಿತು. ಅವನು ಕಣ್ಣು ತೆರೆದಾಗ ಕಂಡದ್ದು ತನ್ನನ್ನೇ ದಿಟ್ಟಿಸುತ್ತಿದ್ದ ನಲುವತ್ತು ಮುಖಗಳು. ಬಾಯಲ್ಲಿ ರಕ್ತ. ಪ್ಯಾಂಟು ಒದ್ದೆಯಾಗಿತ್ತು. ಮರಳುವ ದಾರಿಯಲ್ಲಿ ಅದನ್ನು ಮರೆಮಾಡಲು ಒಂದು ಲುಂಗಿಯನ್ನಾದರೂ ಕೊಡಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಅವನು ತಲೆ ತಗ್ಗಿಸಿ ಹೊರಟುಹೋದ. ಮುಂದಿನ ಶುಕ್ರವಾರ ಬರಲಿಲ್ಲ. ಆಮೇಲೂ ಬರಲಿಲ್ಲ. ಕೆಲಸ ಬಿಟ್ಟು ಊರಿಗೆ ಮರಳಿದನೆಂದು ಕೆಲ ದಿನಗಳ ಬಳಿಕ ತಿಳಿಯಿತು.

ಉಮ್ಮು ಝುಫರ್‌ರ ಹದೀಸನ್ನು ರಿಯಾದುಸ್ಸಾಲಿಹೀನ್‌ನ ಸಹನೆಯ ಅಧ್ಯಾಯದಿಂದ ನಾನು ಎಷ್ಟೋ ಬಾರಿ ಮಕ್ಕಳಿಗೆ ಕಲಿಸಿದ್ದೆ. ಶಬ್ದಾರ್ಥವನ್ನೂ ವ್ಯಾಕರಣವನ್ನೂ ವಿವರಿಸಿದ್ದೆ. ಆದರೆ ಅದೇ ಹದೀಸ್ ನನ್ನ ಕಣ್ಣೆದುರು ಬಿದ್ದು ಒದ್ದಾಡುತ್ತಿದ್ದಾಗ ಗುರುತು ಹಿಡಿಯಲಾರದೆ ಹೋದೆ. ಆ ಮಹಿಳೆ ಬೇಡಿಕೊಂಡಿದ್ದ ಮರೆಯನ್ನು ಆ ಯುವಕನಿಗೆ ಒದಗಿಸುವುದು ಸುತ್ತ ನಿಂತಿದ್ದ ನಮ್ಮ ಹೊಣೆಯಾಗಿತ್ತು.

ಇದು ಯಾವ ರೋಗ?

ನಮ್ಮ ಮೆದುಳಿನ ಕೋಶಗಳು ಅತಿ ಸೂಕ್ಷ್ಮವಾದ ವಿದ್ಯುತ್ ಸಂಕೇತಗಳ ಮೂಲಕ ಕೆಲಸ ಮಾಡುತ್ತವೆ. ಕೆಲವೊಮ್ಮೆ ಈ ಸಂಕೇತಗಳು ಒಮ್ಮೆಲೇ ಹತೋಟಿ ತಪ್ಪಿ ಹರಿಯುತ್ತವೆ. ಆಗ ದೇಹ ಸೆಟೆದು ಅದುರುತ್ತದೆ, ಪ್ರಜ್ಞೆ ತಪ್ಪುತ್ತದೆ. ಎಲ್ಲರೂ ನೆಲಕ್ಕೆ ಬೀಳಬೇಕೆಂದಿಲ್ಲ. ಕೆಲವು ಮಕ್ಕಳು ಪಾಠದ ನಡುವೆ ಕೆಲವು ಕ್ಷಣ ಶೂನ್ಯವನ್ನು ದಿಟ್ಟಿಸಿ ಮತ್ತೆ ಸರಿಹೋಗುತ್ತಾರೆ. ಗಮನ ಕೊಡುವುದಿಲ್ಲವೆಂದು ಅಧ್ಯಾಪಕರು ಅಂತಹ ಮಗುವಿಗೆ ಏಟು ಕೊಡುವುದೂ ಉಂಟು. ಮತ್ತೆ ಮತ್ತೆ ಫಿಟ್ಸ್ ಬರುವ ಪ್ರವೃತ್ತಿಯನ್ನು ಅಪಸ್ಮಾರ ಎನ್ನುತ್ತಾರೆ. ಹೆರಿಗೆಯ ವೇಳೆ ಮಗುವಿನ ಮೆದುಳಿಗಾದ ಪೆಟ್ಟು, ಅಪಘಾತದಲ್ಲಿ ತಲೆಗಾದ ಗಾಯ, ಮೆದುಳಿನ ಸೋಂಕು, ಪಾರ್ಶ್ವವಾಯು, ಗಡ್ಡೆ ಇವೆಲ್ಲ ಕಾರಣವಾಗಬಹುದು. ಎಷ್ಟೋ ಜನರಲ್ಲಿ ಕಾರಣ ಸಿಗುವುದೇ ಇಲ್ಲ. ಹಂದಿಯ ಲಾಡಿಹುಳದ ಮೊಟ್ಟೆಗಳು ಹೊಟ್ಟೆ ಸೇರಿದರೆ ಅದರ ಮರಿಗಳು ಮೆದುಳಿನಲ್ಲಿ ನೆಲೆಸಿ ಫಿಟ್ಸ್ ತರುತ್ತವೆ. ನಾವು ಹಂದಿಮಾಂಸ ತಿನ್ನುವುದಿಲ್ಲವಲ್ಲ ಎಂದು ನಿಶ್ಚಿಂತರಾಗುವಂತಿಲ್ಲ. ಆ ಮೊಟ್ಟೆಗಳು ಮಲಿನ ನೀರು, ಸರಿಯಾಗಿ ತೊಳೆಯದ ಹಸಿ ತರಕಾರಿ ಮತ್ತು ಕೊಳಕು ಕೈಗಳ ಮೂಲಕ ಯಾರ ಹೊಟ್ಟೆಯನ್ನೂ ಸೇರಬಹುದು. ಶುಚಿತ್ವವು ನಮ್ಮ ಧರ್ಮದ ಅಂಗವೆಂಬುದನ್ನು ಇಲ್ಲಿಯೂ ನೆನಪಿಡಬೇಕು.

ಇದು ಅಂಟುರೋಗವಲ್ಲ. ಹುಚ್ಚೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ಕಾಯಿಲೆ ಇದೆ. ಸರಿಯಾದ ಚಿಕಿತ್ಸೆ ದೊರೆತರೆ ಅವರಲ್ಲಿ ಶೇಕಡಾ 70ರಷ್ಟು ಮಂದಿ ಫಿಟ್ಸ್ ಇಲ್ಲದೆ ಬದುಕಬಲ್ಲರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇದು ಜಿನ್ನ್‌ನ ಉಪದ್ರವವಲ್ಲವೇ? ಜಿನ್ನ್‌ಗಳ ಅಸ್ತಿತ್ವದಲ್ಲಿ ನಮಗೆ ವಿಶ್ವಾಸವಿದೆ. ಆದರೆ ಬಿದ್ದು ಒದ್ದಾಡುವವರನ್ನೆಲ್ಲ ಜಿನ್ನ್ ಹಿಡಿದವರೆಂದು ತೀರ್ಮಾನಿಸಲು ಅದು ಆಧಾರವಲ್ಲ. ಸಾವಿರ ವರ್ಷಗಳ ಹಿಂದೆಯೇ ಇಬ್ನು ಸೀನಾ ತಮ್ಮ ವೈದ್ಯ ಗ್ರಂಥವಾದ ಅಲ್ ಕಾನೂನ್‌ನಲ್ಲಿ ಅಪಸ್ಮಾರವನ್ನು ಮೆದುಳಿನ ರೋಗಗಳ ಸಾಲಿನಲ್ಲಿ ಸೇರಿಸಿ ವಿವರಿಸಿದರು. ಪೈಶಾಚಿಕ ಉಪದ್ರವದ ಕುರಿತು ಬರೆದ ಇಮಾಮ್ ಇಬ್ನುಲ್ ಕಯ್ಯಿಮ್(ರ) ಕೂಡ, ಶಾರೀರಿಕ ಕಾರಣಗಳಿಂದ ಬರುವ ಅಪಸ್ಮಾರವು ಬೇರೆಯೇ ಇದೆಯೆಂದೂ ಅದರ ಚಿಕಿತ್ಸೆ ವೈದ್ಯರ ಕೆಲಸವೆಂದೂ ಝಾದುಲ್ ಮಆದ್‌ನಲ್ಲಿ ಸ್ಪಷ್ಟಪಡಿಸಿದ್ದಾರೆ. ಮಗುವಿನ ತಲೆಯ ಮೇಲೆ ಕೈಯಿಟ್ಟು ಕುರ್‌ಆನ್ ಓದಿ ದುಆ ಮಾಡಲು ಯಾವ ವೈದ್ಯರೂ ಅಡ್ಡಿಪಡಿಸುವುದಿಲ್ಲ. ಆದರೆ ದರ್ಗಾ, ತಾಯಿತ, ಹೊಗೆ, ಬೆತ್ತದ ಏಟು ಎಂದು ವರ್ಷಗಳನ್ನು ಕಳೆದು ಮಗುವಿಗೆ ಮಾತ್ರೆ ಸಿಗದಂತೆ ಮಾಡುವುದು ಅನ್ಯಾಯ.

ಉಮ್ಮು ಝುಫರ್‌ರ ಸಹನೆಯನ್ನು ತೋರಿಸಿ ಔಷಧವನ್ನು ತಿರಸ್ಕರಿಸುವವರೂ ಇದ್ದಾರೆ. ಆಕೆ ಸಹನೆಯನ್ನು ತನಗಾಗಿ, ತಾನೇ ಆರಿಸಿಕೊಂಡಳು. ಇನ್ನೊಬ್ಬರು ಆಕೆಯ ಮೇಲೆ ಹೇರಲಿಲ್ಲ. ತನ್ನ ಮಗುವಿನ ಪಾಲಿಗೆ, ಸೊಸೆಯ ಪಾಲಿಗೆ ಸಹನೆಯನ್ನು ತಾನು ಆರಿಸುವ ಅಧಿಕಾರ ಯಾರಿಗೂ ಇಲ್ಲ. ರೋಗವನ್ನು ಕೊಟ್ಟ ಅಲ್ಲಾಹನು ಮದ್ದನ್ನೂ ಇಳಿಸಿದ್ದಾನೆಂದು ತಿಳಿಸಿ ಚಿಕಿತ್ಸೆ ಪಡೆಯಲು ಆದೇಶಿಸಿದವರೂ ಅದೇ ಪ್ರವಾದಿ(ಸ)ಯವರಲ್ಲವೇ?

ಕ್ಷೌರಿಕನಿಗೂ ತಲುಪಿದ ವಿದ್ಯೆ

ಅತಾ(ರ)ರ ವಿದ್ಯೆ ವಿದ್ವಾಂಸರ ಸಭೆಯಲ್ಲಿಯೇ ಉಳಿಯಲಿಲ್ಲ. ಅದಕ್ಕೆ ಸಾಕ್ಷಿಯಾಗಿ ಇಮಾಮ್ ಅಬೂ ಹನೀಫಾ(ರ)ರ ಒಂದು ಅನುಭವವು ವರದಿಯಾಗಿದೆ. ಅವರು ಹಜ್ಜ್‌ಗೆ ಬಂದಿದ್ದಾಗ ತಲೆ ಬೋಳಿಸಿಕೊಳ್ಳಲು ಓರ್ವ ಕ್ಷೌರಿಕನ ಬಳಿ ಹೋದರು. ಕಿಬ್ಲಾದ ಕಡೆಗೆ ಮುಖ ಮಾಡುವುದು, ತಲೆಯ ಬಲಭಾಗದಿಂದ ಆರಂಭಿಸುವುದು, ತಕ್ಬೀರ್ ಹೇಳುವುದು ಹೀಗೆ ಐದು ವಿಷಯಗಳಲ್ಲಿ ಆ ಕ್ಷೌರಿಕನು ಅವರನ್ನು ತಿದ್ದಿದ. ಇದನ್ನೆಲ್ಲ ಎಲ್ಲಿಂದ ಕಲಿತೆ ಎಂದು ಆಶ್ಚರ್ಯದಿಂದ ಕೇಳಿದಾಗ, ಅತಾ ಇಬ್ನು ಅಬೀ ರಬಾಹ್‌ರು ಹೀಗೆ ಮಾಡುವುದನ್ನು ಕಂಡಿರುವೆನೆಂದು ಉತ್ತರಿಸಿದ.

ಫಿಟ್ಸ್ ಬಂದವರನ್ನು ಉಪಚರಿಸುವ ವಿದ್ಯೆಯೂ ಹೀಗೆಯೇ ಹರಡಬೇಕು. ಫಿಟ್ಸ್ ಬರುವುದು ವೈದ್ಯರ ಮುಂದಲ್ಲ. ಅದು ಬರುವುದು ಅಡುಗೆಮನೆಯಲ್ಲಿ, ವೈಟ್‌ಫೀಲ್ಡ್‌ನ ಬಸ್ಸಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕ್ಯಾಂಟೀನ್‌ನಲ್ಲಿ, ಪೀಣ್ಯದ ಮೆಷಿನ್‌ಗಳ ನಡುವೆ, ಮಸೀದಿಯ ಸಫ್‌ನಲ್ಲಿ. ಆದ್ದರಿಂದ ಕ್ಷೌರಿಕನಿಗೂ ಕಂಡಕ್ಟರನಿಗೂ ಸೆಕ್ಯುರಿಟಿಯವನಿಗೂ ಮುಅದ್ದಿನ್‌ಗೂ ಇದು ತಿಳಿದಿರಬೇಕು. ಇದು ಕಠಿಣವೂ ಅಲ್ಲ.

ಮೊದಲು ಗಡಿಯಾರ ನೋಡಿರಿ. ಫಿಟ್ಸ್ ಎಷ್ಟು ಹೊತ್ತು ಇರುತ್ತದೆಂಬುದು ಮುಖ್ಯ. ಸುತ್ತಲಿನ ಜನರನ್ನು ಹಿಂದೆ ಸರಿಸಿರಿ. ಹತ್ತಿರ ಮೆಷಿನ್ ಇದ್ದರೆ ಸ್ವಿಚ್ ಆಫ್ ಮಾಡಿರಿ. ಒಲೆ, ಗಾಜು, ಚೂಪಾದ ವಸ್ತುಗಳನ್ನು ದೂರ ಮಾಡಿರಿ. ಬಿದ್ದವರ ತಲೆಯ ಕೆಳಗೆ ಮಡಚಿದ ಶಾಲು ಅಥವಾ ಮುಸಲ್ಲಾ ಇಡಿರಿ. ಕನ್ನಡಕ ತೆಗೆಯಿರಿ. ಕುತ್ತಿಗೆಗೆ ಬಿಗಿಯಾದ ಗುಂಡಿ, ಟೈ, ಸ್ಕಾರ್ಫ್‌ನ ಪಿನ್ ಸಡಿಲಿಸಿರಿ. ಅದುರುವ ಕೈಕಾಲುಗಳನ್ನು ಅದುಮಿ ಹಿಡಿಯಬೇಡಿರಿ. ಬಾಯಿಗೆ ಚಮಚ, ಬಟ್ಟೆ, ಬೆರಳು ಯಾವುದನ್ನೂ ಹಾಕಬೇಡಿರಿ. ನಾಲಿಗೆಯನ್ನು ಯಾರೂ ನುಂಗುವುದಿಲ್ಲ. ಸ್ವಲ್ಪ ಕಚ್ಚಿಕೊಂಡರೂ ಆ ಗಾಯ ಮಾಯುತ್ತದೆ. ಮುರಿದ ಹಲ್ಲು ಮತ್ತೆ ಬರುವುದಿಲ್ಲ. ಕಬ್ಬಿಣ, ಬೀಗದ ಕೈ, ಈರುಳ್ಳಿ, ಚಪ್ಪಲಿಗಳಿಂದ ಯಾವ ಪ್ರಯೋಜನವೂ ಇಲ್ಲ. ಫಿಟ್ಸ್ ತನ್ನಿಂದ ತಾನೇ ನಿಲ್ಲುವ ಹೊತ್ತಿಗೆ ಅವು ಅಲ್ಲಿರುತ್ತವೆ, ಅಷ್ಟೇ.

ಅದುರುವಿಕೆ ನಿಂತ ಕೂಡಲೇ ಅವರನ್ನು ಒಂದು ಮಗ್ಗುಲಿಗೆ ತಿರುಗಿಸಿರಿ. ಜೊಲ್ಲು ಮತ್ತು ನೊರೆ ಹೊರಗೆ ಹರಿದು ಉಸಿರಾಟ ಸರಾಗವಾಗುತ್ತದೆ. ಪೂರ್ಣ ಎಚ್ಚರವಾಗುವವರೆಗೆ ನೀರು ಕುಡಿಸಬೇಡಿರಿ, ಅದು ಝಮ್‌ಝಮ್ ಆಗಿದ್ದರೂ ಸರಿ. ಶ್ವಾಸನಾಳಕ್ಕೆ ಇಳಿದರೆ ಅಪಾಯ. ಎಚ್ಚರವಾದ ಬಳಿಕವೂ ಸ್ವಲ್ಪ ಹೊತ್ತು ಅವರಿಗೆ ಏನೂ ತಿಳಿಯದಿರಬಹುದು. ಗದರಿಸದೆ, ಮೆಲುದನಿಯಲ್ಲಿ ಮಾತನಾಡುತ್ತಾ ಜೊತೆಗಿರಿ.

ಫಿಟ್ಸ್ 5 ನಿಮಿಷಕ್ಕಿಂತ ಹೆಚ್ಚು ಮುಂದುವರಿದರೆ, ಎಚ್ಚರವಾಗುವ ಮೊದಲೇ ಮತ್ತೆ ಬಂದರೆ, ಬಳಿಕ ಉಸಿರಾಟ ಸರಿಹೋಗದಿದ್ದರೆ, ತಲೆಗೆ ಪೆಟ್ಟಾಗಿದ್ದರೆ, ನೀರಿನಲ್ಲಿ ಬಂದಿದ್ದರೆ, ಗರ್ಭಿಣಿಗೆ ಅಥವಾ ಸಕ್ಕರೆ ಕಾಯಿಲೆಯವರಿಗೆ ಬಂದರೆ, ಇಲ್ಲವೇ ಅದು ಮೊದಲ ಸಲವಾಗಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ನಾವು ನಮಾಝ್‌ನಲ್ಲಿದ್ದರೆ ಅದನ್ನು ಮುರಿದು ನೆರವಿಗೆ ಹೋಗಬೇಕು. ಬಿದ್ದವರು ಸ್ತ್ರೀಯಾಗಿದ್ದು ಹತ್ತಿರದಲ್ಲಿ ಸ್ತ್ರೀಯರಿಲ್ಲದಿದ್ದರೆ ಪುರುಷರು ಅಗತ್ಯವಿರುವಷ್ಟು ಮುಟ್ಟಿ ರಕ್ಷಿಸುವುದಕ್ಕೆ ಅಡ್ಡಿಯಿಲ್ಲ. ಅನಿವಾರ್ಯತೆಗೆ ಶರೀಅತ್‌ನಲ್ಲಿ ವಿನಾಯಿತಿಯಿದೆ.

ಕೊನೆಯದಾಗಿ, ಉಮ್ಮು ಝುಫರ್ ಬೇಡಿದ ಮರೆ. ಉಡುಪು ಸರಿದಿದ್ದರೆ ಸರಿಪಡಿಸಿರಿ. ಒಂದು ಚಾದರವನ್ನು ಹೊದಿಸಿರಿ. ಬಟ್ಟೆ ಒದ್ದೆಯಾಗಿದ್ದರೆ ಸದ್ದಿಲ್ಲದೆ ಲುಂಗಿಯೊಂದನ್ನು ಕೊಡಿರಿ. ಪ್ರಜ್ಞೆ ತಪ್ಪಿದರೆ ವುದೂ ಮುರಿಯುವುದರಿಂದ, ಸುಧಾರಿಸಿಕೊಂಡ ಮೇಲೆ ವುದೂ ಮಾಡಿ ನಮಾಝ್ ನಿರ್ವಹಿಸಲು ನೆರವಾಗಿರಿ. ವೈದ್ಯರಿಗೆ ತೋರಿಸಲೆಂದು ಮನೆಯವರು ಮೊಬೈಲ್‌ನಲ್ಲಿ ಚಿತ್ರೀಕರಿಸುವುದು ಉಪಯುಕ್ತ. ದಾರಿಹೋಕರು ಚಿತ್ರೀಕರಿಸಿ ಹಂಚುವುದು ಓರ್ವ ಮನುಷ್ಯನ ಮಾನವನ್ನು ಹರಾಜಿಗಿಟ್ಟಂತೆ.

ನಮ್ಮ ನಾಡಿನ ಪಾಠ

ಅತಾ(ರ)ರಲ್ಲಿ ಇನ್ನೊಂದು ವಿಶೇಷ ಗುಣವಿತ್ತು. ಯಾರಾದರೂ ಯುವಕ ತಮ್ಮ ಮುಂದೆ ಒಂದು ಹದೀಸ್ ಹೇಳತೊಡಗಿದರೆ, ಆ ಯುವಕ ಹುಟ್ಟುವ ಮೊದಲೇ ತಾವದನ್ನು ಕೇಳಿದ್ದರೂ, ಮೊದಲ ಬಾರಿ ಕೇಳುತ್ತಿರುವವರಂತೆ ಗಮನವಿಟ್ಟು ಆಲಿಸುತ್ತಿದ್ದರು. ಅಪಸ್ಮಾರದ ಚಿಕಿತ್ಸೆಯಲ್ಲಿ ಹೀಗೆ ಆಲಿಸುವುದಕ್ಕೆ ಬಹಳ ಬೆಲೆಯಿದೆ. ರೋಗಿಗೆ ತನಗೇನಾಯಿತೆಂದು ತಿಳಿದಿರುವುದಿಲ್ಲ. ಕಂಡವರು ಹೇಳಿದ್ದನ್ನು ಕೇಳಿಯೇ ವೈದ್ಯರು ರೋಗವನ್ನು ಗುರುತಿಸಬೇಕು.

ಹಾಗೆ ಆಲಿಸಿದ್ದರ ಫಲವನ್ನು ನಮ್ಮ ನಾಡಿನಲ್ಲಿಯೇ ಕಾಣಬಹುದು. ತಲೆಗೆ ಬಿಸಿನೀರು ಸುರಿದುಕೊಂಡಾಗ ಫಿಟ್ಸ್ ಬರುವ ಒಂದು ಬಗೆಯ ಅಪಸ್ಮಾರವಿದೆ. ಜಗತ್ತಿನ ಬೇರೆ ಕಡೆ ಅಪರೂಪವಾದ ಇದು ಕರ್ನಾಟಕದಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಬೆಂಗಳೂರಿನ ನರರೋಗ ತಜ್ಞರಾಗಿದ್ದ ಡಾ. ಕೆ.ಎಸ್. ಮಣಿಯವರು ಮತ್ತು ಆ ಬಳಿಕ ನಿಮ್ಹಾನ್ಸ್‌ನ ವೈದ್ಯರು ಇದನ್ನು ವಿವರವಾಗಿ ಅಧ್ಯಯನ ಮಾಡಿ ಜಗತ್ತಿಗೆ ತಿಳಿಸಿದರು. ಹಂಡೆಯ ಸುಡುನೀರನ್ನು ಚೊಂಬಿನಿಂದ ಒಂದರ ಮೇಲೊಂದರಂತೆ ತಲೆಗೆ ಸುರಿಯುವ ನಮ್ಮ ಸ್ನಾನದ ರೂಢಿ ಇದನ್ನು ಪ್ರಚೋದಿಸುತ್ತದೆ. ಶುಕ್ರವಾರದ ಗುಸ್ಲ್‌ಗೆ ಬಚ್ಚಲಿಗೆ ಹೋದ ಮಗ ಕೂಗಿ ಬಿದ್ದರೆ ಅದು ಬಚ್ಚಲಿನ ಪಿಶಾಚಿಯಲ್ಲ. ನೀರು ಉಗುರುಬೆಚ್ಚಗಿರಲಿ, ತಲೆಗೆ ಸುರಿಯುವ ಬದಲು ಒದ್ದೆ ಬಟ್ಟೆಯಿಂದ ನೆನೆಸಲಿ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕದಿರಲಿ. ಮತ್ತು ವೈದ್ಯರನ್ನು ಕಾಣಲಿ.

ಅದೇ ಡಾ. ಮಣಿ ಮತ್ತು ಅವರ ಸಂಗಡಿಗರು ಇಂದು ಚಾಮರಾಜನಗರ ಜಿಲ್ಲೆಯಲ್ಲಿರುವ ಯಳಂದೂರಿನ ಹಳ್ಳಿಗಳಲ್ಲಿ ಮನೆಮನೆ ಸಮೀಕ್ಷೆ ನಡೆಸಿ ರೋಗಿಗಳನ್ನು ಹುಡುಕಿ ಚಿಕಿತ್ಸೆ ನೀಡಿದರು. ಫಿನೋಬಾರ್ಬಿಟೋನ್, ಫೆನಿಟಾಯ್ನ್ ಎಂಬ ಹಳೆಯ, ಅಗ್ಗದ ಮಾತ್ರೆಗಳಿಂದಲೇ ಹಳ್ಳಿಯ ಬಡವರ ಫಿಟ್ಸನ್ನೂ ಹತೋಟಿಗೆ ತರಬಹುದೆಂದು ಆ ಅಧ್ಯಯನವು ತೋರಿಸಿಕೊಟ್ಟಿತು. 2001ರಲ್ಲಿ ಅದು ಲ್ಯಾನ್ಸೆಟ್ ಎಂಬ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಎಲೆಕ್ಟ್ರಾನಿಕ್ ಸಿಟಿಯತ್ತ ಸಾಗುವ ಹೊಸೂರು ರಸ್ತೆಯಲ್ಲಿಯೇ ನಿಮ್ಹಾನ್ಸ್ ಇದೆ. ಆದರೂ ಜನರು ಅಲ್ಲಿಗೆ ಹೋಗಲು ಹಿಂಜರಿಯುತ್ತಾರೆ. ಹಿಂದೆ ಅಲ್ಲಿ ಮಾನಸಿಕ ಆಸ್ಪತ್ರೆಯಿತ್ತು. ಅದರ ಗೇಟಿನೊಳಗೆ ಹೋದರೆ ಹುಡುಗಿಗೆ ಹುಚ್ಚೆಂದು ಸುದ್ದಿಯಾದೀತೆಂಬ ಭಯ. 1974ರಲ್ಲಿ ರೂಪುಗೊಂಡ ಈ ಸಂಸ್ಥೆಯಲ್ಲಿ ಮನೋರೋಗದಂತೆಯೇ ನರರೋಗಗಳಿಗೂ ಪ್ರತ್ಯೇಕ ವಿಭಾಗಗಳಿವೆ. ಯಾರೋ ಆಡುವ ಮಾತಿಗಾಗಿ ಮಗುವಿನ ಬದುಕನ್ನು ಬಲಿಕೊಡಬೇಕೇ?

ಚಿಕಿತ್ಸೆ ಆರಂಭಿಸಿದ ಬಳಿಕ ಒಂದು ಹೊತ್ತಿನ ಮಾತ್ರೆಯನ್ನೂ ತಪ್ಪಿಸಬಾರದು. ಫಿಟ್ಸ್ ನಿಂತಿತೆಂದು ಸ್ವಂತ ತೀರ್ಮಾನದಿಂದ ಔಷಧ ಬಿಡಬಾರದು. ನಿದ್ದೆಗೆಟ್ಟರೂ ಫಿಟ್ಸ್ ಬರಬಹುದು. ಪಾಳಿಯ ಕೆಲಸದವರು ಇದನ್ನು ಗಮನಿಸಬೇಕು. ರಮಝಾನ್‌ಗೆ ಮೊದಲೇ ವೈದ್ಯರನ್ನು ಕಂಡು, ಸಹರಿ ಮತ್ತು ಇಫ್ತಾರ್‌ಗೆ ಮಾತ್ರೆಯನ್ನು ಹೊಂದಿಸಬಹುದೇ ಎಂದು ಕೇಳಿಕೊಳ್ಳಬೇಕು. ಉಪವಾಸ ಬೇಡವೆಂದು ಅವರು ಹೇಳಿದರೆ, ರೋಗಿಗೆ ಅಲ್ಲಾಹನು ನೀಡಿರುವ ರಿಯಾಯಿತಿಯನ್ನು ಸಂತೋಷದಿಂದ ಸ್ವೀಕರಿಸಬೇಕು.

ಇತರರಿಗಾಗಿ ಕೇಳಿದವರು

ಅತಾ(ರ)ರ ವೃದ್ಧಾಪ್ಯದ ಒಂದು ಘಟನೆ ಪ್ರಸಿದ್ಧವಾಗಿದೆ. ಒರಟು ಅಂಗಿ ತೊಟ್ಟು, ಕತ್ತೆಯ ಮೇಲೇರಿ ಅವರು ಖಲೀಫಾ ಹಿಶಾಮ್‌ರ ಅರಮನೆಗೆ ಹೋದರು. ಖಲೀಫಾ ಅವರನ್ನು ತಮ್ಮ ಆಸನದಲ್ಲಿಯೇ ಕುಳ್ಳಿರಿಸಿ, ಏನು ಬೇಕೆಂದು ವಿಚಾರಿಸಿದರು. ಮಕ್ಕಾ ಮದೀನಾದ ಜನರ ಪಾಲನ್ನು ಅವರಿಗೆ ಕೊಡಿಸಬೇಕೆಂದರು. ಗಡಿ ಕಾಯುವವರನ್ನು ನೋಡಿಕೊಳ್ಳಬೇಕೆಂದರು. ಮುಸ್ಲಿಮೇತರ ಪ್ರಜೆಗಳ ಮೇಲೆ ಅವರಿಂದ ಹೊರಲಾಗದ ಭಾರವನ್ನು ಹೇರಬಾರದೆಂದರು. ಬೇರೇನಾದರೂ ಬೇಕೇ ಎಂದು ಕೇಳಿದಾಗ, ಅಲ್ಲಾಹನನ್ನು ಭಯಪಡಬೇಕೆಂದೂ ಒಂಟಿಯಾಗಿ ಹುಟ್ಟಿದವರು ಒಂಟಿಯಾಗಿಯೇ ಸಾಯಬೇಕಾಗಿದೆಯೆಂದೂ ನೆನಪಿಸಿದರು. ಖಲೀಫಾ ತಲೆತಗ್ಗಿಸಿ ಅತ್ತರು. ಹೊರಬಂದಾಗ ಸೇವಕನೊಬ್ಬ ಹಣದ ಚೀಲವನ್ನು ತಂದ. ಅತಾ(ರ) ಅದನ್ನು ಮುಟ್ಟಲಿಲ್ಲ. ಅರಮನೆಯ ಒಂದು ಗುಟುಕು ನೀರನ್ನೂ ಕುಡಿಯದೆ ಹೊರಟುಹೋದರು.

ನಮ್ಮ ನೆರೆಯಲ್ಲಿರುವ ಅಪಸ್ಮಾರ ರೋಗಿಗಳ ಪರವಾಗಿಯೂ ಹೀಗೆ ಕೇಳುವವರು ಬೇಕು. ಫಿಟ್ಸ್ ಬಂತೆಂದು ಕೆಲಸದಿಂದ ತೆಗೆಯುವ ಬದಲು ವೈದ್ಯರ ಸಲಹೆಯಂತೆ ಅಪಾಯವಿಲ್ಲದ ಕೆಲಸಕ್ಕೆ ಬದಲಾಯಿಸಿರೆಂದು ಮಾಲಕರಲ್ಲಿ ಕೇಳಬೇಕು. ವಾಹನ ಚಾಲನೆ, ಎತ್ತರದ ಕೆಲಸ, ತೆರೆದ ಮೆಷಿನ್‌ಗಳನ್ನು ಬಿಟ್ಟರೂ ಮಾಡಬಹುದಾದ ಕೆಲಸಗಳು ಎಷ್ಟೋ ಇವೆ. ಮಗುವನ್ನು ಶಾಲೆ ಬಿಡಿಸಬೇಡಿರೆಂದು ಹೆತ್ತವರಲ್ಲಿ ಕೇಳಬೇಕು. ವಿವಾಹದ ವಿಷಯದಲ್ಲಂತೂ ನಮ್ಮ ಸಮಾಜ ನಿರ್ದಯವಾಗಿದೆ. ರೋಗವನ್ನು ಮುಚ್ಚಿಟ್ಟು ನಿಕಾಹ್ ಮಾಡಿಸುವುದು ವಂಚನೆ. ಹೊಸ ಮನೆಯಲ್ಲಿ ಕದ್ದು ಮಾತ್ರೆ ನುಂಗಲು ಹೆದರಿ ಬಿಟ್ಟುಬಿಡುವ ಮದುಮಗಳಿಗೆ ಫಿಟ್ಸ್ ಮರಳಿ ಬರುತ್ತದೆ. ಹಾಗೆಯೇ, ಸತ್ಯವನ್ನು ಹೇಳಿದ ಕಾರಣಕ್ಕೆ ಆ ಮನೆಯ ಎಲ್ಲ ಹುಡುಗಿಯರನ್ನೂ ತಿರಸ್ಕರಿಸುವುದು ಕ್ರೌರ್ಯ. ಚಿಕಿತ್ಸೆ ಪಡೆದು, ವಿವಾಹವಾಗಿ, ವೈದ್ಯರ ಮೇಲ್ವಿಚಾರಣೆಯಲ್ಲಿ ಆರೋಗ್ಯವಂತ ಮಕ್ಕಳನ್ನ ಹೆತ್ತ ಅಸಂಖ್ಯ ತಾಯಂದಿರಿದ್ದಾರೆ. ಹಿಂದೂ ವಿವಾಹ ಕಾನೂನು ಮತ್ತು ವಿಶೇಷ ವಿವಾಹ ಕಾನೂನುಗಳು ಕೂಡ ಒಂದು ಕಾಲದಲ್ಲಿ ಮರುಕಳಿಸುವ ಅಪಸ್ಮಾರವನ್ನು ಹುಚ್ಚಿನ ಜೊತೆಗೆ ಸೇರಿಸಿ ವಿವಾಹಕ್ಕೆ ಅಡ್ಡಿಯೆಂದು ಬಗೆದಿದ್ದುವು. 1999ರ ತಿದ್ದುಪಡಿಯಲ್ಲಿ ಆ ಪದವನ್ನು ತೆಗೆದುಹಾಕಲಾಯಿತು. ದೇಶದ ಕಾನೂನು ತಿದ್ದಿಕೊಂಡಿತು. ನಮ್ಮ ಮನಸ್ಸು ಇನ್ನೂ ತಿದ್ದಿಕೊಳ್ಳಬೇಕಾಗಿದೆ.

ಅತಾ ಇಬ್ನು ಅಬೀ ರಬಾಹ್(ರ)ರು ಹಿಜ್ರಿ 114ರ ಸುಮಾರಿಗೆ, ತುಂಬು ವೃದ್ಧಾಪ್ಯದಲ್ಲಿ ಮಕ್ಕಾದಲ್ಲಿ ನಿಧನರಾದರು. ಎಪ್ಪತ್ತು ಹಜ್ಜ್‌ಗಳನ್ನು ನಿರ್ವಹಿಸಿದ್ದರೆಂದು ವರದಿಯಾಗಿದೆ. ಅವರು ಧರಿಸುತ್ತಿದ್ದ ಅಂಗಿ ಐದು ದಿರ್ಹಮ್ ಕೂಡ ಬಾಳುತ್ತಿರಲಿಲ್ಲವೆಂದು ಕಂಡವರು ಹೇಳಿದ್ದಾರೆ. ಅವರು ಬಿಟ್ಟುಹೋದದ್ದು ವಿದ್ಯೆಯನ್ನು. ಮತ್ತು ಆ ವಿದ್ಯೆಯ ನಡುವೆ, ಕಅಬಾದ ಪರದೆಯ ಬಳಿ ನಿಂತ ಓರ್ವ ಎತ್ತರದ ಕಪ್ಪು ಮಹಿಳೆಯ ನೆನಪನ್ನು.

ಪೀಣ್ಯದ ಆ ಯುವಕ ಇಂದು ಎಲ್ಲಿರುವನೋ ನನಗೆ ತಿಳಿಯದು. ಅವನಲ್ಲಿ ಕ್ಷಮೆ ಕೇಳುವ ಅವಕಾಶ ನನಗೆ ಸಿಗಲಿಲ್ಲ. ನನ್ನ ತರಗತಿಯಲ್ಲಿ ಈಗ ಆ ಹದೀಸಿನ ಪಾಠ ಬಂದ ದಿನ ಓರ್ವ ವಿದ್ಯಾರ್ಥಿಯನ್ನು ನೆಲದ ಮೇಲೆ ಮಲಗಿಸಿ, ತಲೆಯ ಕೆಳಗೆ ಏನಿಡಬೇಕು, ಹೇಗೆ ಮಗ್ಗುಲಿಗೆ ತಿರುಗಿಸಬೇಕು, ಚಾದರವನ್ನು ಹೇಗೆ ಹೊದಿಸಬೇಕು ಎಂದು ಎಲ್ಲರಿಂದಲೂ ಮಾಡಿಸುತ್ತೇನೆ. ಓದುಗ ಸಹೋದರ ಸಹೋದರಿಯರೇ, ನೀವೂ ನಿಮ್ಮ ಮನೆಯ ಮಕ್ಕಳಿಗೆ ಇಂದೇ ಕಲಿಸಿಕೊಡಿರಿ. ರೋಗಿಗಳಿಗೆ ಅಲ್ಲಾಹನು ಗುಣವನ್ನು ಕರುಣಿಸಲಿ. ಬಿದ್ದವರ ಮಾನವನ್ನು ಕಾಯುವ ಕೈಗಳನ್ನಾಗಿ ನಮ್ಮ ಕೈಗಳನ್ನು ಮಾಡಲಿ. ಆಮೀನ್.